ವೀಣೆ ರೆಕಾರ್ಡಿಂಗ್: ಗಮಕದ ಕೊನೆಯಲ್ಲಿ ಹಿಸ್ ಸದ್ದು, ಪೆನ್ಸಿಲ್ ಮೈಕ್ ಬದಲಿಸಬೇಕಾ?

ಸಾರಣಿತಂತಿ:

ನಮಸ್ಕಾರ ಎಲ್ಲರಿಗೂ. ಮನೆಯಲ್ಲೇ ಅಕ್ಕನ ವೀಣೆ ರೆಕಾರ್ಡ್ ಮಾಡುತ್ತಿದ್ದೇನೆ. ಕಡಿಮೆ ಬೆಲೆಯ ಒಂದು ಜೋಡಿ ಸ್ಮಾಲ್ ಡಯಾಫ್ರಂ ಕಂಡೆನ್ಸರ್ ಮೈಕ್ (ಧ್ವನಿ ಹಿಡಿಯುವ ಪೊರೆ ಚಿಕ್ಕದಿರುವ ಪೆನ್ಸಿಲ್ ಮೈಕ್) ಇವೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸಲು ಎರಡು ಚಾನೆಲ್‌ನ ಯುಎಸ್‌ಬಿ ಇಂಟರ್‌ಫೇಸ್. ಮೈಕ್ ವೀಣೆಯಿಂದ ಒಂದು ಮೀಟರ್ ದೂರ ಇರುತ್ತದೆ. ರಾತ್ರಿ ಫ್ಯಾನ್, ಫ್ರಿಜ್ ಎರಡನ್ನೂ ಆಫ್ ಮಾಡಿ ಕೂರುತ್ತೇವೆ.

ಮೀಟು ಜೋರಾಗಿದ್ದಾಗ ಏನೂ ತೊಂದರೆ ಇಲ್ಲ. ಒಂದೇ ಮೀಟಿನಲ್ಲಿ ತಂತಿ ಎಳೆದು ಮೂರು ನಾಲ್ಕು ಸ್ವರ ತೆಗೆದಾಗ ಮಾತ್ರ, ಕೊನೆಯ ಸ್ವರ ಹಿಸ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಜೊತೆಗೆ ಮೀಟಿನ ‘ಟಿಕ್’ ಕಿವಿಗೆ ಚುಚ್ಚುತ್ತದೆ. ರೋಡ್ ಎನ್‌ಟಿ5 ಅಥವಾ ನಾಯ್ಮನ್ ಕೆಎಂ184 ತಗೊಂಡರೆ ಸರಿಹೋಗುತ್ತಾ? ಎರಡರ ಬೆಲೆಗೂ ತುಂಬಾ ವ್ಯತ್ಯಾಸ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಅನುಮಂದ್ರ:

ಸರಿಯಾದ ಜಾಗದಲ್ಲೇ ಕಿವಿ ಇಟ್ಟಿದ್ದೀರಿ. ಸುಮಾರು ಜನ ಮೈಕನ್ನು ಮೀಟಿನ ಸದ್ದಿನಿಂದ ಅಳೆಯುತ್ತಾರೆ. ವೀಣೆಯ ಜೀವ ಇರುವುದು ಮೀಟಿದ ಮೇಲೆ ಉಳಿಯುವ ನಾದದಲ್ಲಿ. ಅಲ್ಲಿ ಸೋತ ಮೈಕ್ ವೀಣೆಗೆ ಬೇಡ.

ಆದರೆ ದುಡ್ಡು ಹಾಕುವ ಮೊದಲು ಹಿಸ್ ಎಲ್ಲಿಂದ ಬರುತ್ತಿದೆ ಅಂತ ಹಿಡಿಯಿರಿ. ಕೋಣೆ ಇರಬಹುದು, ಮೈಕ್ ಇರಬಹುದು, ಇಂಟರ್‌ಫೇಸಿನ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಇರಬಹುದು.

ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಈಗ ಎಲ್ಲಿದೆಯೋ ಅಲ್ಲೇ ಇರಲಿ. ಖಾಲಿ ಕೋಣೆಯನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ. ಆಮೇಲೆ ಅದೇ ಮೈಕನ್ನು ದಪ್ಪ ರಜಾಯಿಯಲ್ಲಿ ಸುತ್ತಿ, ಬಟ್ಟೆ ತುಂಬಿದ ಬೀರುವಿನಲ್ಲಿಟ್ಟು ಬಾಗಿಲು ಹಾಕಿ, ಮತ್ತೆ ರೆಕಾರ್ಡ್ ಮಾಡಿ. ಸದ್ದು ಚೆನ್ನಾಗಿ ಇಳಿದರೆ ಅದು ಕೋಣೆಯದು. ಇಳಿಯದಿದ್ದರೆ ಮೈಕ್ ಅಥವಾ ಪ್ರೀಆಂಪ್.

ಅವೆರಡನ್ನು ಬೇರೆ ಮಾಡಲು ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕ್ ಬೇಕು. ಭಜನೆ ಮಂಡಳಿಯವರ ಹತ್ತಿರ ಕೇಳಿದರೆ ಸಿಗುತ್ತದೆ. ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸ್ ಕೊಡುವ ಕರೆಂಟ್) ಆಫ್ ಮಾಡಿ, ಅದೇ ಗೇನ್‌ನಲ್ಲಿ ಅದನ್ನೂ ಬೀರುವಿನಲ್ಲಿಟ್ಟು ರೆಕಾರ್ಡ್ ಮಾಡಿ. ಅದರೊಳಗೆ ಆಂಪ್ಲಿಫೈಯರ್ ಇಲ್ಲ. ಹಾಗಾಗಿ ಕೇಳಿಸುವುದು ಹೆಚ್ಚುಕಡಿಮೆ ಪ್ರೀಆಂಪಿನ ಸದ್ದೇ. ಕೇಬಲ್ ಬಿಚ್ಚಿ ಸುಮ್ನೆ ಖಾಲಿ ಇನ್‌ಪುಟ್ ಅಳೆಯಬೇಡಿ. ಖಾಲಿ ಇನ್‌ಪುಟ್ ಸಾಮಾನ್ಯವಾಗಿ ಇನ್ನೂ ಜಾಸ್ತಿ ಸದ್ದು ಮಾಡುತ್ತದೆ, ತಪ್ಪು ಉತ್ತರ ಕೊಡುತ್ತದೆ.

ಹಿಸ್ ಬದಲು ‘ಗುಂಯ್’ ಅಂತಿದ್ದರೆ ಅದು ಕರೆಂಟಿನ 50 ಅಥವಾ 100 ಹರ್ಟ್ಜ್. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ.

ಇನ್ನು ದೂರ. ಒಂದು ಮೀಟರ್ ಜಾಸ್ತಿಯಾಯಿತು. 45 ಸೆಂಟಿಮೀಟರ್‌ಗೆ ತಂದರೆ ವೀಣೆಯ ನೇರ ಧ್ವನಿ ಸುಮಾರು 7 ಡಿಬಿ ಏರುತ್ತದೆ. ಮೈಕಿನ ಸ್ವಂತ ಸದ್ದು ಇದ್ದಲ್ಲೇ ಇರುತ್ತದೆ. ಲೆಕ್ಕ ಹಾಕಿ: ಕಡಿಮೆ ಬೆಲೆಯ ಪೆನ್ಸಿಲ್ ಮೈಕ್ ರೋಡ್ ಎಂ5ರ ಸ್ವಂತ ಸದ್ದು 19 ಡಿಬಿ-ಎ (ಕಿವಿಗೆ ಕೇಳಿಸುವ ರೀತಿಗೆ ಹೊಂದಿಸಿದ ಡಿಬಿ, ಕಡಿಮೆಯಿದ್ದಷ್ಟೂ ಒಳ್ಳೆಯದು), ಕೆಎಂ184ದು 13. ಅಷ್ಟೊಂದು ದುಡ್ಡು ಕೊಟ್ಟರೆ ಸಿಗುವುದು 6 ಡಿಬಿ. ಸ್ಟ್ಯಾಂಡ್ ಮುಂದೆ ತಳ್ಳಿದರೆ ಅದಕ್ಕಿಂತ ಜಾಸ್ತಿ ಸಿಕ್ಕಿತು, ಅಲ್ವಾ?

ಹತ್ತಿರ ತಂದಾಗ ‘ಟಿಕ್’ ಇನ್ನೂ ಚುಚ್ಚಬಾರದು. ಅದಕ್ಕೆ ಮೈಕನ್ನು ಕುದುರೆಗೆ (ತಂತಿಗಳು ಕೂರುವ ಸೇತುವೆ) ಅಥವಾ ಮೀಟುವ ಬೆರಳಿಗೆ ನೇರ ಗುರಿ ಇಡಬೇಡಿ. ಸ್ವಲ್ಪ ಮೇಲಿಂದ, ದಂಡಿ (ಉದ್ದನೆಯ ಕೊರಳು) ಕೊಡವನ್ನು (ಗುಂಡನೆಯ ಬುರುಡೆ) ಸೇರುವ ಜಾಗದ ಕಡೆ ತಿರುಗಿಸಿ. ಪಕ್ಕದಿಂದ ಬಂದ ಧ್ವನಿಯನ್ನೂ ಬಣ್ಣ ಕೆಡಿಸದೆ ಹಿಡಿಯುವುದು ಚಿಕ್ಕ ಡಯಾಫ್ರಮ್ಮಿನ ದೊಡ್ಡ ಗುಣ. ಗುರಿ ಆಚೆ ಹೋದರೂ ಕೊಡದ ನಾದ ಮಂಕಾಗುವುದಿಲ್ಲ. ಆದರೆ ದಂಡಿಯ ಮಧ್ಯದವರೆಗೆ ಹೋಗಬೇಡಿ. ಎಡಗೈ ಬೆರಳು ತಂತಿ ಉಜ್ಜುವ ಸದ್ದು ಜಾಸ್ತಿಯಾಗುತ್ತದೆ.

ಕಾರ್ಡಿಯಾಯ್ಡ್ ಮೈಕ್ (ಮುಂದಿನ ಧ್ವನಿಯನ್ನೇ ಹೆಚ್ಚು ಹಿಡಿಯುವಂಥದ್ದು) ಹತ್ತಿರ ಬಂದಷ್ಟೂ ಬೇಸ್ ಏರುತ್ತದೆ. ಹಾಗಂತ ಮೈಕಿನ 75 ಅಥವಾ 80 ಹರ್ಟ್ಜ್ ಲೋ-ಕಟ್ (ಕೆಳಗಿನ ಸದ್ದು ಕತ್ತರಿಸುವ) ಸ್ವಿಚ್ ಒತ್ತಿಬಿಡಬೇಡಿ. ಇ (E) ಶ್ರುತಿಯಲ್ಲಿ ವೀಣೆಯ ಅತಿ ಕೆಳಗಿನ, ಅನುಮಂದ್ರ ತಂತಿಯ ಪಂಚಮ ಸುಮಾರು 62 ಹರ್ಟ್ಜ್. ಸ್ವಿಚ್ ಒತ್ತಿದರೆ ಆ ತಂತಿಯ ಬುಡವೇ ಹೋಗುತ್ತದೆ. ಬೇಕಿದ್ದರೆ ಆಮೇಲೆ ಸಾಫ್ಟ್‌ವೇರಿನಲ್ಲಿ 40 ಹರ್ಟ್ಜ್ ಕೆಳಗೆ ಕತ್ತರಿಸಿ.

ಕರಾವಳಿಕಿವಿ:

ನಡುವೆ ಬಂದೆ, ಕ್ಷಮಿಸಿ. ನಮ್ಮದು ಉಡುಪಿ ಕಡೆ. ಮಳೆಗಾಲದಲ್ಲಿ ನನ್ನ ಪೆನ್ಸಿಲ್ ಮೈಕ್ ‘ಪಟಪಟ’ ಅನ್ನುತ್ತದೆ. ಬೇಸಿಗೆಯಲ್ಲಿ ಸರಿ ಇರುತ್ತದೆ. ಕೆಟ್ಟಿದೆಯಾ?

ಅನುಮಂದ್ರ:

ಬೇಸಿಗೆಯಲ್ಲಿ ಸರಿಯಿದ್ದರೆ ಬಹುಶಃ ತೇವದ ಕೆಲಸ. ಕ್ಯಾಪ್ಸೂಲಿನ ಮೇಲೆ ತೇವ ಕೂತರೆ ವಿದ್ಯುತ್ ಚಾರ್ಜ್ ಸೋರುತ್ತದೆ, ಅದೇ ಆ ಪಟಪಟ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಒಂದೆರಡು ದಿನ ಇಡಿ. ಎಸಿ ಕೋಣೆಯಿಂದ ನೇರ ಹೊರಗೆ ತರಬೇಡಿ, ತಣ್ಣಗಿನ ಲೋಹದ ಮೇಲೆ ನೀರು ಕೂರುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಕ್ಯಾಪ್ಸೂಲ್ ಬಿಚ್ಚಿ ಒರೆಸಲೂಬೇಡಿ. ಒಣಗಿದ ಮೇಲೂ ಬಂದರೆ ಕೇಬಲ್ ಬದಲಿಸಿ ನೋಡಿ. ಸೆನ್‌ಹೈಸರ್ ಎಂಕೆಎಚ್ ಸರಣಿಯ ಮೈಕ್‌ಗಳು ಆರ್‌ಎಫ್ (ರೇಡಿಯೊ ಆವರ್ತನದ ಸಿಗ್ನಲ್ ಬಳಸುವ) ತತ್ವದಲ್ಲಿ ಕೆಲಸ ಮಾಡುವುದರಿಂದ ತೇವವನ್ನು ಚೆನ್ನಾಗಿ ತಡೆಯುತ್ತವೆ. ಬೆಲೆ ಮಾತ್ರ ಜಾಸ್ತಿ.

ಸಾರಣಿತಂತಿ:

ನೀವು ಹೇಳಿದ ಹಾಗೇ ಮಾಡಿದೆ ಸರ್. ಬೀರುವಿನೊಳಗೂ ಹಿಸ್ ಹೆಚ್ಚು ಇಳಿಯಲಿಲ್ಲ. ಡೈನಮಿಕ್ ಮೈಕ್ ಹಾಕಿದಾಗ ಮಾತ್ರ ತುಂಬಾ ಕಡಿಮೆಯಾಯಿತು. ಅಂದರೆ ಸದ್ದು ನನ್ನ ಕಂಡೆನ್ಸರ್ ಮೈಕಿನದೇ.

ಮೈಕ್ ಹತ್ತಿರ ತಂದು ದಂಡಿಯ ಬುಡಕ್ಕೆ ತಿರುಗಿಸಿದೆ. ‘ಟಿಕ್’ ಮೆತ್ತಗಾಯಿತು. ಎಳೆದ ಸ್ವರ ಕೊನೆವರೆಗೂ ಕೇಳಿಸುತ್ತಿದೆ, ಅಕ್ಕನಿಗೆ ತುಂಬಾ ಸಂತೋಷ. ವಿಳಂಬದ ಆಲಾಪನೆಯಲ್ಲಿ ಮಾತ್ರ ಹಿಸ್ ಇನ್ನೂ ಸ್ವಲ್ಪ ಉಳಿದಿದೆ. ಮತ್ತೆ, ಜೋಡಿಯಲ್ಲಿ ಒಂದು ಮೈಕ್ ಮಂಕು ಅನ್ನಿಸುತ್ತದೆ.

ಅನುಮಂದ್ರ:

ಹಾಗಾದರೆ ಮೈಕ್ ಬದಲಿಸುವುದರಲ್ಲಿ ಅರ್ಥ ಇದೆ.

ಮೊದಲು ಜೋಡಿ ಪರೀಕ್ಷೆ. ಎರಡೂ ಕ್ಯಾಪ್ಸೂಲ್ ಒಂದಕ್ಕೊಂದು ತಾಗುವಷ್ಟು ಹತ್ತಿರ ಇಟ್ಟು, ಒಂದೇ ಗೇನ್‌ನಲ್ಲಿ ರೆಕಾರ್ಡ್ ಮಾಡಿ. ಸಾಫ್ಟ್‌ವೇರಿನಲ್ಲಿ ಒಂದರ ಪೊಲಾರಿಟಿ (ಅಲೆಯ ಪ್ಲಸ್-ಮೈನಸ್) ತಿರುಗಿಸಿ ಕೂಡಿಸಿ. ವೀಣೆ 20 ಡಿಬಿಯಷ್ಟು ಇಳಿದರೆ ಎರಡರ ಮಟ್ಟದಲ್ಲಿ 1 ಡಿಬಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ತೆಳ್ಳಗಿನ ‘ಚಿಂ’ ಸದ್ದು ಮಾತ್ರ ಉಳಿದರೆ ಅದು ಮೇಲಿನ ಸ್ವರಾಂಶಗಳ (ಎತ್ತರದ ಆವರ್ತನಗಳ) ವ್ಯತ್ಯಾಸ. ಅಂಥ ಜೋಡಿಯಲ್ಲಿ ಸ್ಟೀರಿಯೊ ಮಾಡಬೇಡಿ, ಚೆನ್ನಾಗಿರುವ ಒಂದೇ ಮೈಕ್ ಬಳಸಿ. ಒಂಟಿ ವೀಣೆಗೆ ಮೋನೋ ಏನೂ ಕಡಿಮೆಯಲ್ಲ.

ಇನ್ನು ಹೊಸ ಮೈಕ್. ಎನ್‌ಟಿ5 ಮತ್ತು ಶೂರ್ ಎಸ್‌ಎಂ81 ಎರಡೂ 16 ಡಿಬಿ-ಎ. ಎಸ್‌ಇ ಎಲೆಕ್ಟ್ರಾನಿಕ್ಸ್ ಕಂಪನಿಯ ಪೆನ್ಸಿಲ್ ಮೈಕ್ ಎಸ್‌ಇ8 ಮತ್ತು ಕೆಎಂ184 ಎರಡೂ 13. ಸಂವೇದನೆಯನ್ನೂ (ಒಂದೇ ಧ್ವನಿಗೆ ಮೈಕ್ ಎಷ್ಟು ವೋಲ್ಟೇಜ್ ಕೊಡುತ್ತದೆ ಅನ್ನುವುದು) ನೋಡಿ. ಕೆಎಂ184 ಒಂದು ಪಾಸ್ಕಲ್‌ಗೆ 15 ಮಿಲಿವೋಲ್ಟ್ ಕೊಡುತ್ತದೆ, ಎಸ್‌ಎಂ81 5.6 ಮಾತ್ರ. ಎರಡನೆಯದಕ್ಕೆ 8 ಡಿಬಿಗಿಂತ ಜಾಸ್ತಿ ಗೇನ್ ಏರಿಸಬೇಕು. ಪ್ರೀಆಂಪ್ ಸುಮಾರಾಗಿದ್ದರೆ ಅಲ್ಲಿ ಹಿಸ್ ಮತ್ತೆ ಬರುತ್ತದೆ.

ನನ್ನ ಸಲಹೆ ಕೇಳಿದರೆ, ಪೆನ್ಸಿಲ್ ಮೈಕೇ ಬೇಕೆಂಬ ಹಟ ಬೇಡ. ಡಯಾಫ್ರಂ ಚಿಕ್ಕದಾದಷ್ಟೂ ಅದು ಹಿಡಿಯುವ ಶಕ್ತಿ ಕಡಿಮೆ, ಸ್ವಂತ ಸದ್ದು ಜಾಸ್ತಿ. ದೊಡ್ಡ ಡಯಾಫ್ರಮ್ಮಿನ ರೋಡ್ ಎನ್‌ಟಿ1-ಎ ಬರೀ 5 ಡಿಬಿ-ಎ, ಬೆಲೆ ಕೆಎಂ184ಗಿಂತ ಎಷ್ಟೋ ಕಡಿಮೆ. ಮೇಲಿನ ಸ್ವರಾಂಶಗಳು ಸ್ವಲ್ಪ ಹೊಳಪು ಜಾಸ್ತಿ ಅನ್ನಿಸಬಹುದು. ಪಕ್ಕದ ಧ್ವನಿಯ ಬಣ್ಣವೂ ಬದಲಾಗುತ್ತದೆ, ಅಕ್ಕ ಅಲುಗಾಡದೆ ಕೂರಬೇಕಾಗುತ್ತದೆ. ವಿಳಂಬಕ್ಕೆ ಅದು, ಮೃದಂಗ ಸೇರಿದಾಗ ಪಕ್ಕದ ಧ್ವನಿಯ ಬಣ್ಣ ಕೆಡಿಸದ ಪೆನ್ಸಿಲ್ ಮೈಕ್.

ಬಾಡಿಗೆಗೆ ಸಿಕ್ಕರೆ ಎನ್‌ಟಿ1-ಎ, ಎಸ್‌ಇ8 ಎರಡನ್ನೂ ತನ್ನಿ. ನಿಮ್ಮ ಹಳೆಯ ಮೈಕನ್ನೂ ಪಕ್ಕದಲ್ಲೇ ನಿಲ್ಲಿಸಿ. ಇಂಟರ್‌ಫೇಸಿಗೆ ಎರಡೇ ಇನ್‌ಪುಟ್, ಹಾಗಾಗಿ ಪ್ರತಿ ಸಲ ಹಳೆಯದೊಂದು, ಹೊಸದೊಂದು. ಫೈಲುಗಳಲ್ಲಿ ವೀಣೆಯ ಮಟ್ಟ ಅರ್ಧ ಡಿಬಿಯೊಳಗೆ ಸಮ ಮಾಡಿ. ಜೋರಾಗಿದ್ದದ್ದೇ ಚೆನ್ನ ಅಂತ ಕಿವಿಗೆ ಅನ್ನಿಸಿಬಿಡುತ್ತದೆ. ಹಿಸ್ ಹೋಲಿಸುವುದೂ ಮಟ್ಟ ಸಮ ಆದ ಮೇಲೇ. ಆಮೇಲೆ ಯಾವುದು ಯಾವ ಮೈಕ್ ಅಂತ ಹೇಳದೆ ಅಕ್ಕನಿಗೆ ಹೆಡ್‌ಫೋನ್ ಕೊಡಿ, ಎಳೆದ ಸ್ವರಗಳ ಜಾಗವನ್ನು ಮಾತ್ರ ಕೇಳಿಸಿ.