ಅಂಗಡಿ, ಮನೆ, ನಡುವೆ ಪೆನ್‌ಡ್ರೈವ್: ಫೋಲ್ಡರ್ ಒಂದೇ ಥರ ಇಡೋದು ಹೇಗೆ?

ಪೇಟೆ ಡಿಟಿಪಿ:
ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ನನ್ನದು. ಅಲ್ಲೊಂದು ಕಂಪ್ಯೂಟರ್, ದಾಸರಹಳ್ಳಿ ಮನೆಯಲ್ಲೊಂದು ಲ್ಯಾಪ್‌ಟಾಪ್. ಎರಡೂ ವಿಂಡೋಸ್, ಎರಡರಲ್ಲೂ 'ಪತ್ರಿಕೆ' ಅನ್ನೋ ಫೋಲ್ಡರ್. ಪೆನ್‌ಡ್ರೈವ್ ನನ್ನ ಜೇಬಲ್ಲಿ ಕೂತು ದಿನಾ ಮೆಟ್ರೋದಲ್ಲಿ ಓಡಾಡುತ್ತದೆ. ರೋಬೊಕಾಪಿ ಅಂತ ವಿಂಡೋಸ್‌ನಲ್ಲೇ ಇರೋ, ಫೈಲ್ ನಕಲು ಮಾಡೋ ಕಮಾಂಡ್‌ಗೆ ಎರಡು ಬ್ಯಾಚ್ ಫೈಲ್ (ಒತ್ತಿದರೆ ಕಮಾಂಡ್ ತಾನೇ ಓಡುತ್ತದೆ) ಮಾಡಿಟ್ಟಿದ್ದೆ: ಪೆನ್‌ಡ್ರೈವ್‌ನಿಂದ ಕಂಪ್ಯೂಟರ್‌ಗೆ 'ತಗೋ', ಕಂಪ್ಯೂಟರ್‌ನಿಂದ ಪೆನ್‌ಡ್ರೈವ್‌ಗೆ 'ಕೊಡು'. ಎರಡಕ್ಕೂ ಸ್ಲ್ಯಾಶ್ ಎಂಐಆರ್ (/MIR) ಅನ್ನೋ ಆಯ್ಕೆ ಹಾಕಿದ್ದೆ.

ಹೋದ ವಾರ ರಾತ್ರಿ ಹನ್ನೊಂದಕ್ಕೆ ಗಿರಾಕಿ ಫೋನ್. "ಹುಡುಗಿ ತಾತನ ಹೆಸರಿಗೆ 'ದಿ.' ಹಾಕಿದ್ದೀರಲ್ಲ, ಅವರು ಗಟ್ಟಿಮುಟ್ಟಾಗಿದ್ದಾರೆ ಕಣ್ರೀ!" ಹಳೇ ಪತ್ರಿಕೆ ಮೇಲೇ ಹೊಸದು ಮಾಡಿದ್ದರ ಫಲ. ಮನೆಯಲ್ಲೇ ತಿದ್ದಿ ಮಲಗಿದೆ. ಬೆಳಿಗ್ಗೆ ಅವಸರದಲ್ಲಿ 'ಕೊಡು' ಬದಲು 'ತಗೋ' ಒತ್ತಿದೆ. ಪೆನ್‌ಡ್ರೈವ್‌ನ ಹಳೇದು ಬಂದು ತಿದ್ದಿದ್ದರ ಮೇಲೆ ಕೂತಿತು. 300 ಪತ್ರಿಕೆ ಪ್ರಿಂಟೂ ಆಯಿತು. ತಗೊಂಡು ಹೋಗೋಕೆ ಬಂದಿದ್ದು ಆ ತಾತನೇ.

ಯಾವ ಕಡೆ ಹೊಸದಿದೆಯೋ ಅದೇ ಉಳಿಯೋ ಹಾಗೆ ಮಾಡೋಕಾಗಲ್ವಾ?

ಕಮಾಂಡ್ ಪ್ರಿಯ:
ಎಂಐಆರ್ ಅಂದರೆ ಕನ್ನಡಿ ಸಾರ್. ಹೊಸದೋ ಹಳೇದೋ ನೋಡಲ್ಲ, ಆ ಕಡೆ ಇದ್ದ ಹಾಗೇ ಈ ಕಡೆ ಮಾಡುತ್ತದೆ. ಜಾಸ್ತಿ ಇದ್ದರೆ ಅಳಿಸಿಬಿಡುತ್ತದೆ. ಅದನ್ನು ತೆಗೆದು ಸ್ಲ್ಯಾಶ್ ಇ (/E, ಒಳಗಿನ ಫೋಲ್ಡರ್‌ಗಳೂ ಬರೋಕೆ), ಸ್ಲ್ಯಾಶ್ ಎಕ್ಸ್‌ಒ (/XO, ಹಳೇದನ್ನು ಬಿಡೋಕೆ) ಹಾಕಿ. ಹಳೇದು ಹೊಸದರ ಮೇಲೆ ಬರಲ್ಲ. ಪೆನ್‌ಡ್ರೈವ್ ಫ್ಯಾಟ್32 (ಫೈಲ್ ಜೋಡಿಸಿಡೋ ಒಂದು ಹಳೇ ಪದ್ಧತಿ) ಆಗಿದ್ದರೆ ಸ್ಲ್ಯಾಶ್ ಎಫ್‌ಎಫ್‌ಟಿ (/FFT) ಕೂಡ ಬೇಕು. ಫ್ಯಾಟ್32 ತಿದ್ದಿದ ಹೊತ್ತನ್ನು 2 ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ, ಅದಕ್ಕೇ ಒಂದೇ ಫೈಲ್ ಕೂಡ ಬೇರೆ ಹೊತ್ತಿನದು ಅನ್ನಿಸಬಹುದು. ಮೊದಲು ಸ್ಲ್ಯಾಶ್ ಎಲ್ (/L) ಹಾಕಿ ಓಡಿಸಿ. ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ.

ಪೇಟೆ ಡಿಟಿಪಿ:
ಹಾಕಿದೆ. ಈಗ ಅಂಗಡಿಯಲ್ಲಿ ಅಳಿಸಿದ ಹಳೇ ಪ್ರೂಫ್‌ಗಳೆಲ್ಲ ಮನೆಯಿಂದ ವಾಪಸ್ ಬರುತ್ತಿವೆ!

ಗಾಂಧಿಬಜಾರ್ ಕಾಫಿ:
ಬರದೆ ಇನ್ನೇನು? ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲ ಅಂದರೆ, ಇಲ್ಲಿ ಹೊಸದಾಗಿ ಮಾಡಿದ್ದೋ, ಅಲ್ಲಿ ಅಳಿಸಿದ್ದೋ? ಹೋದ ಸಲ ಏನಿತ್ತು ಅನ್ನೋದು ರೋಬೊಕಾಪಿಗೆ ನೆನಪಿರಲ್ಲ. ಫೋಲ್ಡರ್‌ಗಳನ್ನು ಹೊಂದಿಸಿಡೋ ಫ್ರೀಫೈಲ್‌ಸಿಂಕ್ ಅನ್ನೋ ಪ್ರೋಗ್ರಾಂ ಹಾಕಿಕೊಂಡು ಎರಡೂ ಕಡೆಯ ಸಿಂಕ್ ಆರಿಸಿ. ಫೋಲ್ಡರ್‌ನಲ್ಲೇ ಒಂದು ಪುಟ್ಟ ಡೇಟಾಬೇಸ್ ಫೈಲ್ ಇಟ್ಟುಕೊಂಡು ಅದು ಲೆಕ್ಕ ಹಿಡಿಯುತ್ತದೆ. ಎರಡೂ ಕಡೆ ತಿದ್ದಿದ್ದರೆ ತೀರ್ಮಾನ ನಿಮಗೇ ಬಿಡುತ್ತದೆ. ವರ್ಷನಿಂಗ್ ಆನ್ ಮಾಡಿ, ಹೋದ ಫೈಲ್ ಬೇರೆ ಫೋಲ್ಡರ್‌ನಲ್ಲಿ ಸಿಗುತ್ತದೆ.

ಪೇಟೆ ಡಿಟಿಪಿ:
ನಾಲ್ಕು ದಿನ ಆಯಿತು, ಪರವಾಗಿಲ್ಲ. ನಿನ್ನೆ ಒಂದು ಪತ್ರಿಕೆಗೆ ಮಾತ್ರ ತಡೆದು ನಿಂತಿತು. ಅಂಗಡಿ ಹುಡುಗ ಮುಹೂರ್ತ ತಿದ್ದಿದ್ದಾನೆ, ನಾನು ಮನೆಯಲ್ಲಿ ಛತ್ರದ ಹೆಸರು ತಿದ್ದಿದ್ದೇನೆ. ಅದು ಕೋರೆಲ್ (ಪತ್ರಿಕೆ ವಿನ್ಯಾಸದ ಸಾಫ್ಟ್‌ವೇರ್) ಫೈಲ್, ಎರಡನ್ನೂ ತೆರೆದು ಕೈಯಲ್ಲೇ ಸೇರಿಸಿದೆ. ತಾತನ 300 ಪತ್ರಿಕೆ ನನ್ನ ಖರ್ಚಲ್ಲೇ ಮತ್ತೆ ಪ್ರಿಂಟ್ ಆಯಿತು. ಹಳೇದರಲ್ಲಿ ಒಂದನ್ನು ಮಾತ್ರ ಅವರೇ ನಗುತ್ತಾ ಕೇಳಿ ಇಸ್ಕೊಂಡು ಹೋದರು.