ಓದುಗರ ಸ್ಪಂದನ: ‘ನನ್ನ ಸಂಬಳಕ್ಕೆ ಮಗಳ ಓದು ನಿಲ್ಲಬೇಕಾ?’

(ದಾವಣಗೆರೆಯ ಓದುಗರೊಬ್ಬರು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಾರೆ, ತಿಂಗಳಿಗೆ 18 ಸಾವಿರ. ಮಗಳಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ, ಕಂಪ್ಯೂಟರ್ ಸೈನ್ಸ್ ಓದುವ ಆಸೆ. ‘ನಮ್ಮಂಥವರಿಗೆ ಅದೆಲ್ಲ ಯಾಕೆ, ಊರಲ್ಲೇ ಡಿಗ್ರಿ ಮಾಡಿಸು’ ಅನ್ನುತ್ತಾರೆ ನೆಂಟರು. ಏನು ಮಾಡಲಿ ಎಂದು ಕೇಳಿದ್ದರು.)

ಅಣ್ಣಾ, ಹೆದರಬೇಡಿ, ಲೆಕ್ಕ ಹಾಕಿ. ಮೊದಲು ಎಸ್‌ಎನ್‌ಕ್ಯೂ, ಅಂದರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗಿರುವ ಕೋಟಾ ನೋಡಿ. ಶೇ 5ರಷ್ಟು ಹೆಚ್ಚುವರಿ ಸೀಟು ಇರುತ್ತವೆ, ಮನೆ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಇಲ್ಲ. ಸಿಇಟಿ ಅರ್ಜಿಯಲ್ಲೇ ಅದನ್ನು ಕೇಳಿದ್ದೀರಾ ನೋಡಿಕೊಳ್ಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೈಲಿರಲಿ. ಆ ಸೀಟು ಸಿಗದಿದ್ದರೆ ಸಾಲ. 4 ಲಕ್ಷದವರೆಗೆ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ. ಆದಾಯ 4.5 ಲಕ್ಷ ದಾಟದವರಿಗೆ ಓದುವಷ್ಟು ವರ್ಷ, ಮೇಲೊಂದು ವರ್ಷ, ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ, ಆದರೆ ಗುಣಮಟ್ಟ ನೋಡಿ ಕಾಲೇಜಿಗೆ ಕೊಡುವ ನ್ಯಾಕ್ ಅಥವಾ ಕೋರ್ಸಿಗೆ ಕೊಡುವ ಎನ್‌ಬಿಎ ಮಾನ್ಯತೆ ಇದೆಯಾ ಅಂತ ಸೇರುವ ಮುಂಚೆಯೇ ಕೇಳಬೇಕು. ಬ್ಯಾಂಕ್ ಕೌಂಟರಿನ ಈ ಕಡೆ ಕೂತು ನಾನು ನೋಡಿದ್ದು ಏನೆಂದರೆ, ಇದನ್ನೆಲ್ಲ ವಿಚಾರಿಸಿಕೊಂಡು ಬರುತ್ತಿದ್ದವರು ಜಾಸ್ತಿ ಸಂಬಳದಾರರೇ. ನಿಮ್ಮಂಥವರು ಬಾಗಿಲವರೆಗೂ ಬರುತ್ತಿರಲಿಲ್ಲ.
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಫೀಸು ಕಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ ಸಾರ್. ನಮ್ಮಪ್ಪ ಆಟೋ ಓಡಿಸುತ್ತಾರೆ, ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿದ್ದೇನೆ. ಕ್ಲಾಸಿನಲ್ಲಿ ನನ್ನಷ್ಟೇ ಅಂಕ ತೆಗೆದ ಗೆಳೆಯ ಮೊದಲು ಬಂದ ಕೆಲಸ ಬೇಡ ಅಂದ, ಆರೇಳು ತಿಂಗಳು ಮನೆಯಲ್ಲೇ ಕೂತು ಓದಿಕೊಂಡು ಒಳ್ಳೆಯ ಕಂಪನಿ ಸೇರಿದ. ನಾನು ಸಿಕ್ಕಿದ್ದಕ್ಕೆ ಹೋದೆ, ಯಾಕೆಂದರೆ ಮನೆಯಲ್ಲಿ ಎಲ್ಲರೂ ನನ್ನ ಸಂಬಳಕ್ಕೇ ಕಾಯುತ್ತಿದ್ದರು. ಕಾಯುವ ತಾಕತ್ತು ಇದೆಯಲ್ಲ, ಅಪ್ಪನ ದುಡ್ಡು ಕೊಡುವುದು ಅದನ್ನೇ. ಸಾಧ್ಯವಾದರೆ ಓದು ಮುಗಿದ ಮೇಲೆ ಅವಳಿಗೂ ಕೆಲವು ತಿಂಗಳು ಉಸಿರಾಡಲು ಬಿಡಿ. ತಂಗಿ ಮದುವೆ, ಮನೆ ರಿಪೇರಿ ಎಲ್ಲ ಅವಳ ಮೊದಲ ಸಂಬಳದ ಮೇಲೆ ಹಾಕಬೇಡಿ.
– ಓದುಗ, ಬೆಂಗಳೂರು

ಕಷ್ಟಪಟ್ಟರೆ ಯಾರಾದರೂ ಮೇಲೆ ಬರಬಹುದು ಅಂತ ಸುಮ್ನೆ ಹೇಳುವವರಿಗೆ ಒಂದು ಮಾತು. 2018ರಲ್ಲಿ ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟ ಒಂದು ವರದಿ ತಂದಿತ್ತು. ತೀರಾ ಕಡಿಮೆ ಆದಾಯದ ಮನೆಯವರು ದೇಶದ ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕಿನಲ್ಲಿ 2 ತಲೆಮಾರು, ಭಾರತದಲ್ಲಿ 7 ತಲೆಮಾರು ಬೇಕು ಅನ್ನುತ್ತದೆ ಅದರ ಅಂದಾಜು. ಡೆನ್ಮಾರ್ಕಿನವರು ನಮಗಿಂತ ಮೂರೂವರೆ ಪಟ್ಟು ಕಷ್ಟಪಡುತ್ತಾರಾ? ತಪ್ಪು ನಿಮ್ಮದಲ್ಲ ಅಣ್ಣಾ.
– ಓದುಗ, ಧಾರವಾಡ

ಡಿಗ್ರಿ ಕೀಳೇನಲ್ಲ, ನಾನೇ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಎಸ್ಸಿ ಮಾಡಿ ಎಂಸಿಎ ಮಾಡಿದ ಮಕ್ಕಳು ಚೆನ್ನಾಗೇ ಇದ್ದಾರೆ. ಆದರೆ ಇಷ್ಟಪಟ್ಟು ಸೇರಿದವರು ಬೇರೆ, ಮನೆಯಲ್ಲಿ ದುಡ್ಡಿಲ್ಲ ಅಂತ ಸೇರಿದವರು ಬೇರೆ. ದುಡ್ಡಿಲ್ಲ ಅಂತ ಬಂದವರು ಅರ್ಧ ಮನಸ್ಸಿನಲ್ಲಿ ಕೂತಿರುತ್ತಾರೆ. ಹಾಸನ, ಹಾವೇರಿ, ಕಾರವಾರ, ಚಾಮರಾಜನಗರದಲ್ಲೆಲ್ಲ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಫೀಸು ಕಡಿಮೆ, ಅವನ್ನೂ ಪಟ್ಟಿಗೆ ಹಾಕಿ. ಮತ್ತೆ, ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು, ಯಾವ ಕೋರ್ಸು ಮೊದಲು ಬೇಕು ಅಂತ ಆನ್‌ಲೈನಿನಲ್ಲಿ ತುಂಬುವುದು, ಅದನ್ನು ಮಾಡುವಾಗ ಮಗಳನ್ನೇ ಮುಂದೆ ಕೂರಿಸಿ. ಸೈಬರ್ ಸೆಂಟರಿನವರಿಗೆ ಪಾಸ್‌ವರ್ಡ್ ಕೊಟ್ಟು ‘ನೀವೇ ಹಾಕಿಬಿಡಿ’ ಅಂತ ಬರಬೇಡಿ.
– ಉಪನ್ಯಾಸಕಿ, ತುಮಕೂರು