ವಸಡಿನ ಕಾಯಿಲೆಗೆ ಜೀನ್ ಟೆಸ್ಟ್ ಮಾಡಿಸಬೇಕಾ?

ಗುಬ್ಬಿ ಹುಡುಗ: ನಮ್ಮಪ್ಪನಿಗೆ 48ಕ್ಕೇ ಹಲ್ಲುಸೆಟ್. ತಾತನಿಗೂ ಅಷ್ಟೇ ಅಂತೆ. ನನಗೀಗ 34, ಬ್ರಷ್ ಮಾಡಿ ಉಗುಳಿದ್ರೆ ನೊರೆ ಕೆಂಪಗಿರುತ್ತೆ. ತುಮಕೂರಲ್ಲಿ ಒಂದು ಲ್ಯಾಬಿನವರು ‘ಎಂಜಲು ಕೊಡಿ ಸಾಕು, ವಸಡಿನ ರೋಗ ನಿಮ್ಮ ಜೀನಲ್ಲಿದೆಯಾ ಹೇಳ್ತೀವಿ’ ಅಂತಾರೆ. ಆರು ಸಾವಿರ. ಮಾಡಿಸಲಾ?

ತಿಪಟೂರು ಕೊಬ್ಬರಿ: ವಂಶದಲ್ಲಿರೋದು ಬಂದೇ ಬರುತ್ತೆ. ಅದನ್ನ ಆರು ಸಾವಿರ ಕೊಟ್ಟು ಬೇರೆ ಬರೆಸ್ಕೋಬೇಕಾ? ನಿಮ್ಮಪ್ಪನ ಬಾಯೇ ರಿಪೋರ್ಟು.

ಹಲ್ಲು ಡಾಕ್ಟ್ರಮ್ಮ: ‘ಬಂದೇ ಬರುತ್ತೆ’ ಅನ್ನೋದು ತಪ್ಪು ಸಾರ್. ಅಮೆರಿಕದಲ್ಲಿ 117 ಜೋಡಿ ಅವಳಿಗಳನ್ನ ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದ್ರು. ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಮ್ಮಿ ಅನ್ನೋ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶದ್ದು. ಆ ಅರ್ಧವೂ ಒಂದೇ ಜೀನಿನ ಕೆಲಸವಲ್ಲ, ಹತ್ತಾರು ಸೇರಿ ಚೂರುಚೂರು ಮಾಡೋದು.

ಈ ಟೆಸ್ಟುಗಳ ಮೂಲ 1997ರ ಒಂದು ಅಧ್ಯಯನ. ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಜೀನಿನ ಒಂದು ರೂಪಕ್ಕೂ ತೀವ್ರ ವಸಡಿನ ರೋಗಕ್ಕೂ ನಂಟು ಕಂಡಿತ್ತು, ಅದೂ ಸಿಗರೇಟ್ ಸೇದದವರಲ್ಲಿ ಮಾತ್ರ. ಆಮೇಲೆ ಬೇರೆ ಬೇರೆ ಜನರಲ್ಲಿ ನೋಡಿದಾಗ ಲೆಕ್ಕ ಕೂಡಿಬರಲಿಲ್ಲ. ಚೀನೀಯರಲ್ಲಂತೂ ಆ ರೂಪ ಸಿಗೋದೇ ಅಪರೂಪ, ಹಾಗಂತ ಅವರಿಗೆ ವಸಡಿನ ರೋಗ ಇಲ್ವಾ?

ಒಂದೇ ಜೀನ್ ಕೆಟ್ಟು ಹಲ್ಲು ಉದುರೋ ಕಾಯಿಲೆಯೂ ಇದೆ, ಪ್ಯಾಪಿಲಾನ್-ಲೆಫೆವ್ರ್ ಸಿಂಡ್ರೋಮ್ ಅಂತ. ನಾಲ್ಕೈದು ವರ್ಷಕ್ಕೇ ಹಾಲುಹಲ್ಲೆಲ್ಲ ಅಲ್ಲಾಡಿ ಬಿದ್ದುಹೋಗುತ್ತೆ, ಅಂಗೈ ಅಂಗಾಲು ದಪ್ಪಗಟ್ಟಿ ಬಿರುಕು ಬಿಡುತ್ತೆ. ತೀರಾ ವಿರಳ. ನಿಮ್ಮದು ಅದಲ್ಲ.

ಪಾವಗಡದವನು: ನಮ್ಮ ಕಡೆ ಊರಿಗೆ ಊರೇ ಕಂದು ಹಲ್ಲು. ಅದೇನು ಜೀನಾ? ಬೋರ್‌ವೆಲ್ ನೀರು ಸ್ವಾಮಿ.

ಹಲ್ಲು ಡಾಕ್ಟ್ರಮ್ಮ: ನಿಮ್ಮದು ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ಮಕ್ಕಳು ಹಲ್ಲು ಬಲಿಯೋ ವಯಸ್ಸಲ್ಲಿ ಕುಡಿದ್ರೆ ಎನಾಮೆಲ್ ಮೇಲೆ ಕಲೆ ಬೀಳುತ್ತೆ. ಇಲ್ಲಿ ಮಾತಾಡ್ತಿರೋದು ಹಲ್ಲು ಹಿಡ್ಕೊಂಡಿರೋ ವಸಡು, ಮೂಳೆ ವಿಷಯ.

ಶಿರಾ ಅಕ್ಕ: ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಹಲ್ಲಿಂದ. ವಸಡು ಪದೇ ಪದೇ ಕೀವಾಗ್ತಿತ್ತು, ರಕ್ತ ಕೊಟ್ರೆ ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ, 9.2! ಮಾತ್ರೆ ಶುರುಮಾಡಿ ಹಲ್ಲು ಕ್ಲೀನ್ ಮಾಡಿಸಿದೆ, ಮೂರು ತಿಂಗಳಿಗೆ 7.8.

ಹಲ್ಲು ಡಾಕ್ಟ್ರಮ್ಮ: ಹೆಚ್ಚಿನಂಶ ಮಾತ್ರೆದು ಅಕ್ಕ, ಆದ್ರೆ ವಸಡಿನ ಚಿಕಿತ್ಸೆಯಿಂದಲೇ 0.3-0.4ರಷ್ಟು ಇಳಿಯೋದುಂಟು. ಶುಗರ್ ವಸಡನ್ನ ಕೆಡಿಸುತ್ತೆ, ಕೆಟ್ಟ ವಸಡು ಶುಗರನ್ನ ಏರಿಸುತ್ತೆ. ವಸಡಿನ ರೋಗಕ್ಕೆ 2018ರಲ್ಲಿ ಬಂದ ವರ್ಗೀಕರಣದಲ್ಲಿ ಶುಗರ್ ಇದ್ದವರ ಎಚ್‌ಬಿಎ1ಸಿ 7 ಮುಟ್ಟಿದ್ರೆ, ಇಲ್ಲಾ ದಿನಕ್ಕೆ ಹತ್ತು ಸಿಗರೇಟ್ ಸೇದಿದ್ರೆ, ರೋಗ ಬೇಗ ಏರೋ ಗುಂಪಿಗೆ ಹಾಕ್ತೀವಿ.

ತಿಪಟೂರು ಕೊಬ್ಬರಿ: ನಾನು ದಿನಕ್ಕೊಂದು ಪ್ಯಾಕ್. ಇವತ್ತಿನವರೆಗೆ ಒಂದು ತೊಟ್ಟು ರಕ್ತ ಬಂದಿಲ್ಲ. ಕ್ಲೀನಿಂಗ್ ಮಾಡಿಸಿದವರದ್ದೇ ಹಲ್ಲು ಸಡಿಲ ಆಗೋದು.

ಹಲ್ಲು ಡಾಕ್ಟ್ರಮ್ಮ: ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತೆ ಅಣ್ಣ. ಸೇದೋರಲ್ಲಿ ಒಳಗೆ ಮೂಳೆ ಕರಗ್ತಿದ್ರೂ ಹೊರಗೆ ರಕ್ತ ಕಮ್ಮಿ. ನನಗೆ ಭಯ ಆಗೋದು ಆ ಹುಡುಗನಿಗಿಂತ ನಿಮ್ಮನ್ನ ನೋಡಿ.

ಶಿರಾ ಅಕ್ಕ: ಆದ್ರೂ ಟೆಸ್ಟ್ ಇರ್ಲಿ ಅಂತೀನಿ. ನಮ್ಮ ತಮ್ಮ ಕಡ್ಡಿಪುಡಿ ಬಿಡಲ್ಲ. ಕಾಗದದ ಮೇಲೆ ಕಂಡ್ರೆ ಹೆದರ್ತಾನೆ.

ಹಲ್ಲು ಡಾಕ್ಟ್ರಮ್ಮ: ‘ನಿನ್ನ ಜೀನ್ ಚೆನ್ನಾಗಿದೆ’ ಅಂತ ಬಂದ್ರೆ? ಇನ್ನೆರಡು ಪೊಟ್ಟಣ ಜಾಸ್ತಿ ಹಾಕ್ತಾನೆ.

ಶಿರಾ ಅಕ್ಕ: ಅದೂ ನಿಜ. ಅವನು ಅಂಥವನೇ.

ಗುಬ್ಬಿ ಹುಡುಗ: ಹತ್ತು ದಿನ ಆಯ್ತು, ಹೇಳಿಬಿಡ್ತೀನಿ. ಜೀನ್ ಟೆಸ್ಟ್ ಬಿಟ್ಟೆ. ಡಾಕ್ಟ್ರು ಗೆರೆ ಹಾಕಿದ ಸಣ್ಣ ಕಡ್ಡಿಯನ್ನ ವಸಡಿನ ಸಂದಿಗೆ ಇಳಿಸ್ತಾ ನರ್ಸಿಗೆ ಬರೆಸ್ತಾ ಹೋದ್ರು: ಎರಡು, ಮೂರು, ಎರಡು, ಮೂರು. ಮೂರು ಮಿಲಿಮೀಟರ್‌ವರೆಗೆ ಪರವಾಗಿಲ್ವಂತೆ. ಬಲಗಡೆ ಹಿಂದಿನ ದವಡೆ ಹಲ್ಲಿಗೆ ಬಂದು ‘ಆರು’ ಅಂದ್ರು. ನರ್ಸು ತಲೆ ಎತ್ತಿ ನನ್ನ ಮುಖ ನೋಡಿದ್ರು. ಎಕ್ಸ್‌ರೇಲಿ ಅಲ್ಲಿ ಮೂಳೆ ಇಳಿದಿದೆ. ಎಚ್‌ಬಿಎ1ಸಿ 5.5, ಶುಗರ್ ಇಲ್ಲ. ಮೇಲ್ದವಡೆ ಕ್ಲೀನಿಂಗ್ ಆಗಿದೆ, ಕೆಳಗಿನದು ಶನಿವಾರ. ಆದ್ರೆ ಹಲ್ಲಿನ ಮಧ್ಯೆ ಸಂದಿ ಬಿದ್ದಂಗಿದೆ, ನಾಲಗೆ ಅಲ್ಲಿಗೇ ಹೋಗುತ್ತೆ.

ತಿಪಟೂರು ಕೊಬ್ಬರಿ: ನಾನ್ ಹೇಳ್ಲಿಲ್ವಾ!

ಹಲ್ಲು ಡಾಕ್ಟ್ರಮ್ಮ: ಅದು ಕಲ್ಲು ಕೂತಿದ್ದ ಜಾಗ ಅಣ್ಣ. ಹಲ್ಲು ಅಲ್ಲೇ ಇದೆ.